ತಂಗಡಿ ಹೂವಿನ ಕಷಾಯ

ವಿಜಯಪುರ, ತಿಕೋಟಾ, ಬಬಲೇಶ್ವರದ ಒಣಭೂಮಿಯಲ್ಲಿ ತಂಗಡಿ ಗಿಡ ಮೈತುಂಬ ಹಳದಿ ಹೂ ಬಿಡುತ್ತದೆ. ಆ ಹೂವನ್ನು ನೆರಳಲ್ಲಿ ಒಣಗಿಸಿ, ಕುದಿಸಿ, ಸೋಸಿ ಕುಡಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆಂಬುದು ಹಳೆಯ ನಂಬಿಕೆ.

ಇದಕ್ಕೆ ಪ್ರಯೋಗಾಲಯದ ಆಧಾರವೂ ಇದೆ. ಅಣ್ಣಾಮಲೈ ವಿಶ್ವವಿದ್ಯಾಲಯದ ಸಂಶೋಧಕರು ಈ ಹೂವಿನ ಸಾರವನ್ನು ಮಧುಮೇಹದ ಇಲಿಗಳಿಗೆ 30 ದಿನ ಕೊಟ್ಟಾಗ ರಕ್ತದ ಸಕ್ಕರೆ ಇಳಿದಿತ್ತು. ವರದಿ ಬಂದದ್ದು 2002ರಲ್ಲಿ.

ಆದರೆ ಇಲಿಗೆ ತೂಗಿ ಕೊಟ್ಟ ಸಾರ ಬೇರೆ, ಮನೆಯಲ್ಲಿ ಕೈಯಳತೆಯಲ್ಲಿ ಕಾಸಿದ ಕಷಾಯ ಬೇರೆ.

ಕಷಾಯ ಕುಡಿಯುವವರು ಡಾಕ್ಟರಿಗೆ ತಿಳಿಸಿ. ಗುಳಿಗೆಯ ಜೊತೆ ಸೇರಿ ಸಕ್ಕರೆ ತೀರಾ ಕುಸಿಯಬಹುದು. ಕಷಾಯವನ್ನು ನಂಬಿ ಗುಳಿಗೆ, ಇನ್ಸುಲಿನ್ ಬಿಡಬೇಡಿ.