ಮಗಳ ರೆಸ್ಯೂಮೆಯಿಂದ ನಾನು ಅಳಿಸಿದ ಸಾಲು

ಗಡಿನಾಡಿನಲ್ಲಿ ಮಕ್ಕಳನ್ನು ಕನ್ನಡ ಮಾಧ್ಯಮದ ಶಾಲೆಗೆ ಕಳುಹಿಸಿದ, ಕಳುಹಿಸುತ್ತಿರುವ, ಕಳುಹಿಸಬೇಕೋ ಬೇಡವೋ ಎಂದು ಪ್ರತಿ ಜೂನ್ ತಿಂಗಳಿನಲ್ಲಿ ಹೊಯ್ದಾಡುವ ಹೆತ್ತವರೇ,

ಈ ಬರಹ ಶಾಲೆಯನ್ನು ಕುರಿತದ್ದಲ್ಲ. ಶಾಲೆ ಮುಗಿದು ಆರೇಳು ವರ್ಷಗಳಾದ ಮೇಲೆ ನಿಮ್ಮ ಮಗನೋ ಮಗಳೋ ನಿಮ್ಮ ಮುಂದೆ ಇಡುವ ಒಂದು ಪುಟದ ಕಾಗದವನ್ನು ಕುರಿತದ್ದು. ಆ ಕಾಗದದ ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಹೇಳಿಕೊಳ್ಳಲು ಒಂದು ವರ್ಷ ಹಿಡಿಯಿತು.

ನಾನು ಕುಂಬಳೆ ಸೀಮೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿ ನಿವೃತ್ತನಾದವನು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ಹೇಳುತ್ತದೆ ಎಂದು ಎಷ್ಟೋ ಸಭೆಗಳಲ್ಲಿ ಮೈಕಿನ ಮುಂದೆ ನಿಂತು ವಿವರಿಸಿದ್ದೇನೆ. 'ಕನ್ನಡದಲ್ಲಿ ಓದಿ ಏನು ಪ್ರಯೋಜನ ಮಾಷ್ಟ್ರೇ?' ಎಂದು ಕೇಳಿದ ಹೆತ್ತವರಿಗೆ ಸಿಟ್ಟಿನಿಂದಲೂ ಉತ್ತರಿಸಿದ್ದೇನೆ. ನನ್ನ ಮಗಳನ್ನೂ ಅದೇ ಶಾಲೆಯಲ್ಲಿ ಓದಿಸಿದೆ. ಎಸ್ಸೆಸ್ಸೆಲ್ಸಿ ಮುಗಿಸಿ ಪ್ಲಸ್ ಟು ವಾಣಿಜ್ಯಕ್ಕೆ ಹೋದಾಗ ಅವಳ ಪುಸ್ತಕ ಇಂಗ್ಲಿಷಿನಲ್ಲಿತ್ತು, ವಿವರಣೆ ಮಲಯಾಳದಲ್ಲಿತ್ತು, ಯೋಚನೆ ಮಾತ್ರ ಕನ್ನಡದಲ್ಲಿ ನಡೆಯುತ್ತಿತ್ತು. ಆ ಎರಡು ವರ್ಷ ಅವಳು ಪಟ್ಟ ಪಾಡು ನಿಮಗೆ ಗೊತ್ತಿರುವುದೇ, ವಿಸ್ತರಿಸುವುದಿಲ್ಲ. ಪಾರಾದಳು. ಬಿ.ಕಾಂ. ಮುಗಿಸಿದಳು. ಓದಿನ ಜೊತೆಗೇ ಎರಡು ವರ್ಷ ಸಂಜೆಯ ಹೊತ್ತು ಪೇಟೆಯ ಅಡಿಕೆ, ಕರಿಮೆಣಸಿನ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆದಳು.

ಅನಂತರ ನಾವಿಬ್ಬರೂ ಕುಳಿತು ರೆಸ್ಯೂಮೆ ಸಿದ್ಧಪಡಿಸಿದೆವು. ನಿಜ ಹೇಳಬೇಕೆಂದರೆ ಅದು ನನ್ನ ಕಾಲದ ಬಯೋಡೇಟಾ: ತಂದೆಯ ಹೆಸರು, ಜಾತಿ, ವೈವಾಹಿಕ ಸ್ಥಿತಿ, ಹವ್ಯಾಸಗಳು, ಕೊನೆಗೆ 'ಮೇಲಿನ ವಿವರಗಳೆಲ್ಲ ಸತ್ಯ' ಎಂಬ ಪ್ರಮಾಣವಚನ. ಪುಟ ತುಂಬಿ ಎರಡು ಸಾಲು ಆಚೆ ಚೆಲ್ಲಿತು. ಯಾವ ಸಾಲು ತೆಗೆಯೋಣ ಎಂದು ಅವಳು ಕೇಳಿದಳು. 'ತಿಳಿದಿರುವ ಭಾಷೆಗಳು' ಎಂಬ ಸಾಲನ್ನು ತೆಗೆಯೆಂದೆ. ಎಸ್ಸೆಸ್ಸೆಲ್ಸಿಯ ಮುಂದಿದ್ದ 'ಕನ್ನಡ ಮಾಧ್ಯಮ'ವನ್ನೂ ತೆಗೆಸಿದೆ. ಕೊಚ್ಚಿಯವರು ಹೊರಗಿನವಳೆಂದುಕೊಂಡಾರು, ಬೆಂಗಳೂರಿನವರು ಕೇರಳದಲ್ಲೆಂಥ ಕನ್ನಡವೆಂದು ಹುಬ್ಬೇರಿಸಿಯಾರು ಎಂಬುದು ನನ್ನ ಲೆಕ್ಕಾಚಾರ. 'ಇರಲಿ ಅಪ್ಪ' ಎಂದಳು. 'ಅದರಿಂದ ಏನು ಪ್ರಯೋಜನ?' ಎಂದೆ.

ಹೌದು, ಅದೇ ಮಾತು. ಆ ಹೊತ್ತಿಗೆ ನನಗದು ಕೇಳಿಸಲೇ ಇಲ್ಲ.

ಆ ಒಂದೇ ಪುಟವನ್ನು ಮೂವತ್ತೇಳು ಕಡೆಗೆ ಕಳುಹಿಸಿದೆವು. ಬ್ಯಾಂಕೇತರ ಹಣಕಾಸು ಸಂಸ್ಥೆ, ಆಸ್ಪತ್ರೆಯ ಬಿಲ್ಲಿಂಗ್ ವಿಭಾಗ, ಲೆಕ್ಕಪರಿಶೋಧಕರ ಕಚೇರಿ, ಎಲ್ಲಕ್ಕೂ ಅದೇ. ಒಂದು ಕರೆಯೂ ಬರಲಿಲ್ಲ. ಕನ್ನಡ ಮಾಧ್ಯಮದ ಫಲವಿದು ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಊಟದ ಹೊತ್ತಿನ ಮೌನದಲ್ಲಿ ಮಾತ್ರ ಆ ಮಾತಿತ್ತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಂಗಳೂರಿನಲ್ಲಿ ನೇಮಕಾತಿಯ ಕೆಲಸದಲ್ಲಿದ್ದಾನೆ. ಬೇರೆ ಕಾರಣಕ್ಕೆ ಅವನಲ್ಲಿಗೆ ಹೋದವನು ಮಗಳ ವಿಷಯ ಎತ್ತಿದೆ. ತಲಪಾಡಿ ಗಡಿಯ ಎರಡೂ ಬದಿಯಲ್ಲಿ ಗಿರಾಕಿಗಳಿರುವ ಸಂಸ್ಥೆಯೊಂದರ ಲೆಕ್ಕ ಸಹಾಯಕ ಹುದ್ದೆಗೆ ಅವನೇ ಆಯ್ಕೆ ಮಾಡುತ್ತಿದ್ದ. ನಾವು ಕಳುಹಿಸಿದ ಮೂವತ್ತೇಳರಲ್ಲಿ ಅದೂ ಒಂದಾಗಿತ್ತು. ಬಂದ ಅರ್ಜಿಗಳು ಮುನ್ನೂರಕ್ಕೂ ಹೆಚ್ಚು. 'ಎಲ್ಲವನ್ನೂ ಓದಲಾಗುವುದಿಲ್ಲ ಸರ್, ಹುಡುಕುತ್ತೇವೆ' ಎಂದ. ಹುಡುಕುವ ಚೌಕದಲ್ಲಿ 'ಟ್ಯಾಲಿ' ಎಂದು ಇಂಗ್ಲಿಷಿನಲ್ಲಿ ಬರೆದ, ಅರ್ಧದಷ್ಟು ಉಳಿದವು. 'ಜಿಎಸ್‌ಟಿ' ಸೇರಿಸಿದ, ಮತ್ತಷ್ಟು ಇಳಿದವು. ಕೊನೆಗೆ 'ಕನ್ನಡ', 'ಮಲಯಾಳಂ' ಎರಡನ್ನೂ ಸೇರಿಸಿದ. ಹನ್ನೊಂದು ಉಳಿದವು. ಹೆಸರುಗಳನ್ನು ನನಗೆ ತೋರಿಸಲಿಲ್ಲ, ಅದು ಸರಿಯೇ. ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, 'ನಿಮ್ಮ ಮಗಳು ಇದರಲ್ಲಿ ಇಲ್ಲ ಸರ್. ಯಾಕೆ, ಅವಳಿಗೆ ಕನ್ನಡ ಬರುತ್ತದಲ್ಲ?' ಎಂದು ಕೇಳಿದ.

ನನ್ನ ತರಗತಿಯ ಎರಡನೆಯ ಬೆಂಚಿನಲ್ಲಿ ಕುಳಿತಿದ್ದ ಹುಡುಗ ಅವನು. ಏನೆಂದು ಉತ್ತರಿಸಲಿ?

ಮರುದಿನ ಭಾನುವಾರ. ಅವನು ನನ್ನನ್ನೂ ಮಗಳನ್ನೂ ಕೂರಿಸಿಕೊಂಡು ಎರಡು ಗಂಟೆ ಪಾಠ ಮಾಡಿದ. ಅದರ ಸಾರವನ್ನು ನಿಮಗೆ ತಲುಪಿಸುವುದಕ್ಕಾಗಿಯೇ ಇಷ್ಟು ಬರೆದೆ.

ಅವನು ಮೊದಲು ಹೇಳಿದ್ದು, ಯಂತ್ರವೇ ಅರ್ಜಿಗಳನ್ನು ಕಸದ ಬುಟ್ಟಿಗೆ ಎಸೆಯುತ್ತದೆ ಎಂಬ ಹೆದರಿಕೆ ಅತಿಯಾದದ್ದು ಎಂದು. ಬಹುಪಾಲು ಕಡೆ ಯಂತ್ರ ಅರ್ಜಿಯ ಅಕ್ಷರಗಳನ್ನು ಓದಿ ಕಪಾಟಿನಲ್ಲಿ ಜೋಡಿಸಿಡುತ್ತದೆ, ಮನುಷ್ಯ ಬಂದು ಪದ ಹಿಡಿದು ಹುಡುಕುತ್ತಾನೆ. ಆ ಪದಗಳು ಎಲ್ಲಿಂದ ಬರುತ್ತವೆ? ಅವನೇ ಬರೆದ ಉದ್ಯೋಗ ಪ್ರಕಟಣೆಯಿಂದ. ಪ್ರಕಟಣೆಯಲ್ಲಿ ಎರಡು ಮೂರು ಸಲ ಬಂದ ಪದ, 'ಕಡ್ಡಾಯ' ಎಂಬುದರ ಕೆಳಗಿರುವ ಪದ, ಹುದ್ದೆಯ ಹೆಸರಿನಲ್ಲಿಯೇ ಇರುವ ಪದ, ಇವನ್ನೇ ಅವರು ಕೀವರ್ಡ್ ಎನ್ನುವುದು. ಆದ್ದರಿಂದ ಮೂವತ್ತೇಳು ಪ್ರಕಟಣೆಗಳಿಗೆ ಒಂದೇ ಪುಟ ಕಳುಹಿಸುವುದೆಂದರೆ ಮೂವತ್ತೇಳು ಪ್ರಶ್ನೆಗಳಿಗೆ ಒಂದೇ ಉತ್ತರ ಬರೆದಂತೆ. ಗಣಿತದ ಮೇಷ್ಟರಾದ ನನಗೆ ಈ ಹೋಲಿಕೆ ಚೆನ್ನಾಗಿಯೇ ತಟ್ಟಿತು.

ಆದರೆ ನಮ್ಮ ಮಕ್ಕಳ ತೊಡಕು ಇದಕ್ಕಿಂತ ಒಂದು ಹೆಜ್ಜೆ ಆಳದಲ್ಲಿದೆ. ಮಗಳು ತನ್ನ ಅನುಭವವೆಂದು 'ಅಂಗಡಿಯ ಲೆಕ್ಕಪತ್ರದಲ್ಲಿ ನೆರವು' ಎಂದಷ್ಟೇ ಬರೆದಿದ್ದಳು. 'ದಿನವೂ ಏನು ಮಾಡುತ್ತಿದ್ದೆ?' ಎಂದು ಅವನು ಕೇಳಿದ. ಅವಳು ಸಂಕೋಚದಿಂದ ಹೇಳತೊಡಗಿದಳು: ಯಾರಿಂದ ಎಷ್ಟು ಬರಬೇಕೆಂದು ಬಾಕಿದಾರರ ಪಟ್ಟಿ ಇಡುತ್ತಿದ್ದೆ. ಪ್ರಕಟಣೆಯಲ್ಲಿ 'ಅಕೌಂಟ್ಸ್ ರಿಸೀವಬಲ್' ಎಂದಿರುವುದು ಅದನ್ನೇ ಎಂದು ಅವನು ಬೆರಳಿಟ್ಟು ತೋರಿಸಿದ. ತಿಂಗಳ ಕೊನೆಗೆ ಪಾಸ್‌ಬುಕ್ಕನ್ನೂ ನಮ್ಮ ಪುಸ್ತಕವನ್ನೂ ತಾಳೆ ನೋಡುತ್ತಿದ್ದೆ, ದಾಟದ ಚೆಕ್ಕುಗಳನ್ನು ಬೇರೆ ಬರೆದಿಡುತ್ತಿದ್ದೆ. ಅದು 'ಬ್ಯಾಂಕ್ ರೀಕನ್ಸಿಲಿಯೇಶನ್'. ಗೋದಾಮಿನ ದಾಸ್ತಾನನ್ನು ಮೂಟೆ ಎಣಿಸಿ ಪುಸ್ತಕಕ್ಕೆ ಹೊಂದಿಸುತ್ತಿದ್ದೆ. 'ಇನ್ವೆಂಟರಿ'. ಜಿಎಸ್‌ಟಿಆರ್-1, 3ಬಿ ರಿಟರ್ನುಗಳಿಗೆ ಟ್ಯಾಲಿಯಿಂದ ಅಂಕಿ ತೆಗೆದುಕೊಡುತ್ತಿದ್ದೆ. ಇದನ್ನಂತೂ ಹೆಸರಿಟ್ಟೇ ಬರೆಯಬೇಕಿತ್ತು!

ಅವಳಿಗೆ ಆ ಕೆಲಸ ಗೊತ್ತಿತ್ತು, ಅದರ ಇನ್ನೊಂದು ಹೆಸರು ಗೊತ್ತಿರಲಿಲ್ಲ. ಗೊತ್ತಿದ್ದ ಕಡೆಯೂ, ಪರೀಕ್ಷೆಯ ಪುಸ್ತಕದ ಪದವೂ ಅಡಿಕೆ ಅಂಗಡಿಯ ಕೆಲಸವೂ ಒಂದೇ ಎಂದು ಅವಳಿಗೆ ಹೊಳೆದಿರಲಿಲ್ಲ. ಕನ್ನಡದಲ್ಲಿ ಯೋಚಿಸುವ ಮಗುವಿಗೆ ಈ ಎರಡು ದಂಡೆಗಳ ನಡುವೆ ಕಾಲುಸಂಕ ಹಾಕಿಕೊಡುವವರು ಬೇಕು. ಶಾಲೆಯಲ್ಲಿ ನಾನೇ ಅದನ್ನು ಹಾಕಿಕೊಡಬಹುದಿತ್ತು. 'ಲಘುತ್ತಮ ಸಾಮಾನ್ಯ ಅಪವರ್ತ್ಯ' ಎಂದು ಕಲಿಸುವಾಗ ಪಕ್ಕದಲ್ಲಿ 'ಎಲ್‌ಸಿಎಂ' ಎಂದು ಬರೆದರೆ ಭಾಷೆಗೆ ಕುಂದು ಎಂದುಕೊಂಡಿದ್ದ ಕಾಲವೊಂದಿತ್ತು. ಆ ಪೆದ್ದುತನಕ್ಕೆ ಈಗ ನಗು ಬರುತ್ತದೆ, ಪೂರ್ತಿ ನಗುವಲ್ಲ.

ಇನ್ನು ಕೆಲವು ಸಣ್ಣ ಸಂಗತಿಗಳು. ಪದವನ್ನು ಪ್ರಕಟಣೆಯಲ್ಲಿರುವ ಹಾಗೆಯೇ ಬರೆಯಬೇಕು. ಸಂಕ್ಷೇಪವಿದ್ದರೆ ಒಂದು ಕಡೆ ಪೂರ್ಣರೂಪವೂ ಇರಲಿ. ಅಂದದ ಚೌಕ, ಎರಡು ಅಂಕಣ, ಚಿತ್ರವಾಗಿ ಸ್ಕ್ಯಾನ್ ಮಾಡಿದ ಪುಟ, ಇವುಗಳಲ್ಲಿ ಅಕ್ಷರಗಳು ಯಂತ್ರಕ್ಕೆ ಸಿಗದೆ ಹೋಗಬಹುದು. ಒಂದೇ ಅಂಕಣದ ಸರಳ ಪುಟವೇ ಕ್ಷೇಮ. ಮಗಳು ಕನ್ನಡ ಪ್ರಬಂಧ ಸ್ಪರ್ಧೆಯ ಬಹುಮಾನದ ಸಾಲನ್ನು ಹಳೆಯ ನುಡಿ ಅಕ್ಷರಶೈಲಿಯಲ್ಲಿ ಹಾಕಿದ್ದಳು. ಯೂನಿಕೋಡ್ ಅಲ್ಲದ ಆ ಸಾಲು ಅವನ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕುಳಿತಿತ್ತು. ಪ್ರಮಾಣವಚನ, ಜಾತಿ, ಹವ್ಯಾಸ ಯಾವುದೂ ಬೇಡವೆಂದ. ಯಾವುದಕ್ಕೆ ಜಾಗ ಮಾಡಿಕೊಡಲೆಂದು ನಾನು ಭಾಷೆಗಳನ್ನು ಅಳಿಸಿದ್ದೆನೋ ಅದನ್ನೇ ಅವನು ಮೊದಲು ಹೊಡೆದುಹಾಕಿದ.

ಪ್ರಕಟಣೆಯ ಪದಗಳನ್ನೆಲ್ಲ ತಂದು ತುರುಕುವ ಆಸೆ ಹುಟ್ಟುವುದು ಸಹಜ, ನನಗೂ ಹುಟ್ಟಿತು. ಕಣ್ಣಿಗೆ ಕಾಣದಂತೆ ಬಿಳಿಯ ಅಕ್ಷರಗಳಲ್ಲಿ ಪದ ಅಡಗಿಸುವವರೂ ಇದ್ದಾರಂತೆ, ಪಠ್ಯವನ್ನಷ್ಟೇ ಬೇರ್ಪಡಿಸಿ ನೋಡಿದಾಗ ಅದು ಬಯಲಾಗುತ್ತದೆ. ಅವನು ಮಗಳಿಗೆ ಕೊಟ್ಟ ಅಳತೆಗೋಲು ಬೇರೆ: 'ಈ ಪದದ ಮೇಲೆ ಯಾರಾದರೂ ಪ್ರಶ್ನೆ ಹಾಕಿದರೆ ಐದು ನಿಮಿಷ ಮಾತಾಡುತ್ತೀಯಾ? ಇಲ್ಲವಾದರೆ ಬರೆಯಬೇಡ.' ಆ ಪ್ರಕಟಣೆಯಲ್ಲಿ 'ಸ್ಯಾಪ್' ಎಂಬ ತಂತ್ರಾಂಶದ ಹೆಸರಿತ್ತು. ಅವಳಿಗೆ ಬರುತ್ತಿರಲಿಲ್ಲ. ಬರೆಯಲಿಲ್ಲ.

ಈಗ ಭಾಷೆಯ ಸಾಲಿಗೆ ಮರಳುತ್ತೇನೆ. ಕಾಸರಗೋಡು ಜಿಲ್ಲೆಗಾಗಿ ಕೇರಳ ಲೋಕಸೇವಾ ಆಯೋಗ ಹೊರಡಿಸುವ ಗುಮಾಸ್ತ ಹುದ್ದೆಯ ಅಧಿಸೂಚನೆಗಳಲ್ಲಿ 'ಕನ್ನಡ ಮತ್ತು ಮಲಯಾಳ ಬಲ್ಲವರು' ಎಂಬ ಪ್ರತ್ಯೇಕ ವರ್ಗ ಕಂಡಿದ್ದೀರಿ. ಅಧ್ಯಾಪಕ ಹುದ್ದೆಗಳಲ್ಲಿ 'ಕನ್ನಡ ಮಾಧ್ಯಮ' ಎಂದೇ ಇರುತ್ತದೆ. ಆ ಎರಡು ಮೂರು ಪದಗಳು ಅಲ್ಲಿ ಉಳಿಯಬೇಕೆಂದು ಕಲೆಕ್ಟರೇಟಿನ ಮುಂದೆ ಬಿಸಿಲಲ್ಲಿ ಕುಳಿತವರಲ್ಲಿ ನಾನೂ ಒಬ್ಬ. ಸರಕಾರದ ಕಾಗದದಲ್ಲಿ ಯಾವ ಪದಕ್ಕಾಗಿ ಕೂಗಿದೆನೋ ಅದನ್ನು ಸ್ವಂತ ಮಗಳ ಕಾಗದದಿಂದ ನಾನೇ ಅಳಿಸಿದೆ. ಭಾರತೀಯ ಸ್ಟೇಟ್ ಬ್ಯಾಂಕಿನ ಜೂನಿಯರ್ ಅಸೋಸಿಯೇಟ್ ನೇಮಕಾತಿಯನ್ನೂ ಗಮನಿಸಿ. ಅರ್ಜಿ ಹಾಕಿದ ರಾಜ್ಯಕ್ಕೆ ನಿಗದಿಯಾದ ಭಾಷೆಯನ್ನು ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯಲ್ಲಿ ಓದಿದ್ದಕ್ಕೆ ಅಂಕಪಟ್ಟಿ ತೋರಿಸಿದವರಿಗೆ ಅಲ್ಲಿ ಬೇರೆ ಭಾಷಾ ಪರೀಕ್ಷೆ ಇಲ್ಲ. ನಮ್ಮ ಮಕ್ಕಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಆ 'ಕನ್ನಡ'ಕ್ಕೆ ತಲಪಾಡಿಯ ಆಚೆಗೂ ಬೆಲೆಯಿದೆ.

ಅಕ್ಕಲಕೋಟೆಯ, ಜತ್ತಿನ ಮಗುವಿಗೆ ಕನ್ನಡದ ಜೊತೆ ಮರಾಠಿ ಇದೆ. ಹೊಸೂರಿನ ಮಗುವಿಗೆ ತಮಿಳು, ಎಷ್ಟೋ ಮನೆಗಳಲ್ಲಿ ತೆಲುಗೂ ಇದೆ. ಆದೋನಿ, ರಾಯದುರ್ಗದವರಿಗೆ ತೆಲುಗು. ನಮ್ಮವರಿಗೆ ಮಲಯಾಳ, ತುಳು, ಕೆಲವರಿಗೆ ಕೊಂಕಣಿ. ವಿಮೆ, ಗ್ರಾಹಕ ಸೇವೆ, ಸಾಲ ವಿತರಣೆ, ಆಸ್ಪತ್ರೆ, ಸರಕು ಸಾಗಣೆಯ ಪ್ರಕಟಣೆಗಳನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಎರಡು ಭಾಷೆ ಬಲ್ಲವರು ಬೇಕೆಂದು ಎಷ್ಟು ಕಡೆ ಇದೆ! 'ಭಾಷೆಗಳು' ಎಂದು ಬರೆದು ಸುಮ್ಮನಾಗಬಾರದು. ಯಾವುದನ್ನು ಓದಲು ಬರುತ್ತದೆ, ಯಾವುದನ್ನು ಬರೆಯಲು ಬರುತ್ತದೆ, ಯಾವುದು ಮಾತಿಗೆ ಮಾತ್ರ ಎಂಬುದನ್ನು ಪ್ರಾಮಾಣಿಕವಾಗಿ ಬಿಡಿಸಿ ಬರೆಯಬೇಕು. ಮಗಳು 'ತುಳು: ಮಾತು' ಎಂದು ಬರೆದಳು. ಮನೆಯಲ್ಲಿ ನಾವಾಡುವುದು ತುಳುವೇ. ಅದನ್ನು ರೆಸ್ಯೂಮೆಗೆ ಸೇರಿಸಬಹುದೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಆ ಹುದ್ದೆ ಸಿಕ್ಕಿತೇ ಎಂದು ಕೇಳುತ್ತೀರಿ. ಸಿಗಲಿಲ್ಲ, ನಾವು ಎಚ್ಚೆತ್ತಾಗ ಹನ್ನೊಂದು ಮಂದಿಯ ಸಂದರ್ಶನ ಮುಗಿಯುತ್ತ ಬಂದಿತ್ತು, ಹೊಸ ಪುಟವನ್ನು ಹಿಂಬಾಗಿಲಿನಿಂದ ಸೇರಿಸಲು ಅವನು ಒಪ್ಪಲಿಲ್ಲ. ಆಗ ಸ್ವಲ್ಪ ಬೇಸರವಾಯಿತು, ಈಗ ಗೌರವವಿದೆ. ಮಗಳು ತಾನು ಮಾಡಿದ್ದನ್ನೆಲ್ಲ ಒಂದು ದೊಡ್ಡ ಕಡತದಲ್ಲಿ ಬರೆದಿಟ್ಟುಕೊಂಡಳು. ಪ್ರತಿ ಪ್ರಕಟಣೆಗೂ ಅದರಿಂದ ಬೇಕಾದದ್ದನ್ನು ಆರಿಸಿ ಒಂದು ಪುಟ ಕಟ್ಟುತ್ತಿದ್ದಳು. ಒಂದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಒಂಬತ್ತು ಅರ್ಜಿ, ಮೂರು ಕರೆ. ಮೂರನೆಯ ಸಂದರ್ಶನದಲ್ಲಿ ಬ್ಯಾಂಕ್ ತಾಳೆಯ ಬಗ್ಗೆ ಒಂದೆರಡು ಪ್ರಶ್ನೆ ಕೇಳಿ, ಗಿರಾಕಿಯೊಬ್ಬರ ಮಲಯಾಳ ಪತ್ರವನ್ನು ಅವಳ ಕೈಗಿತ್ತು ಕನ್ನಡದಲ್ಲಿ ಹೇಳೆಂದರಂತೆ. ಓದುತ್ತ ಓದುತ್ತಲೇ ಹೇಳಿದಳಂತೆ. ಈಗ ದಿನವೂ ಬೆಳಗ್ಗೆ ಕುಂಬಳೆಯಿಂದ ರೈಲು ಹತ್ತಿ ಮಂಗಳೂರಿಗೆ ಹೋಗುತ್ತಾಳೆ.

ಕಳೆದ ವಾರ ನೆರೆಮನೆಯವರು ಮಗನ ರೆಸ್ಯೂಮೆ ಹಿಡಿದು ಬಂದರು, ಮಾಷ್ಟ್ರು ಒಮ್ಮೆ ತಿದ್ದಿಕೊಡಿ ಎಂದು. ಕೊನೆಯಲ್ಲಿ ಪ್ರಮಾಣವಚನವಿತ್ತು, ಭಾಷೆಗಳ ಸಾಲು ಇರಲಿಲ್ಲ. ಪೆನ್ನು ಕೆಳಗಿಟ್ಟು, ಮೊದಲು ಉದ್ಯೋಗ ಪ್ರಕಟಣೆಯನ್ನು ತನ್ನಿ ಎಂದೆ. ಮನೆಗೆ ಹೋಗಿ ತಂದರು. ಇಬ್ಬರೂ ಜಗಲಿಯಲ್ಲಿ ಕುಳಿತು ಓದತೊಡಗಿದೆವು.