ಕ್ಷ-ಕಿರಣ ಹೇಳಿದ ನಕ್ಷತ್ರ ಚರಿತ್ರೆ

ನಮ್ಮ ತೀರ್ಥರೂಪರು ಲಿಂಗೈಕ್ಯರಾಗುವ ಮುನ್ನ ತೆಗೆಸಿದ ಎದೆಯ ಕ್ಷ-ಕಿರಣ ಚಿತ್ರವೊಂದು ಮನೆಯ ಟ್ರಂಕಿನಲ್ಲಿ ಇಂದಿಗೂ ಇದೆ. ಕ್ಷ-ಕಿರಣವೆಂದರೆ ನಮಗೆ ಆ ಕರಿಯ ಹಾಳೆ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ವೈದ್ಯರು ಮೌನವಾದ ಗಳಿಗೆ, ಅಷ್ಟೇ. ಸಾಲವಿನ್ನೂ ತೀರದ ಮನೆ ನಮ್ಮದು. ಬಿ.ಎಸ್ಸಿ. ಮುಗಿಸಿದ ಮಗಳು, ಕೈಗೆ ಬಂದ ನೌಕರಿಯನ್ನು ಒಲ್ಲೆನೆಂದು, ಕ್ಷ-ಕಿರಣದಿಂದ ಗ್ಯಾಲಕ್ಸಿಗಳ ಚರಿತ್ರೆಯನ್ನು ಓದುವೆನೆಂದಾಗ ನಾವು ಸಿಡುಕಿದೆವು. “ಅದರಿಂದ ಯಾರ ಹೊಟ್ಟೆ ತುಂಬೀತು?” ಎಂದೂ ಕೇಳಿಬಿಟ್ಟೆವು. ಎರಡು ದಿನ ಅವಳು ನಮ್ಮೊಡನೆ ಮಾತಾಡಲಿಲ್ಲ.

ಮೂರನೆಯ ಸಂಜೆ ತಾನಾಗಿಯೇ ಬಂದು ಕುಳಿತಳು. ಭಾರೀ ನಕ್ಷತ್ರಗಳು ಅಲ್ಪಾಯುಷಿಗಳಂತೆ. 30 ಲಕ್ಷದಿಂದ ಕೆಲವು ಕೋಟಿ ವರ್ಷಗಳೊಳಗೆ ಅವುಗಳ ಬಾಳು ಮುಗಿದು, ನ್ಯೂಟ್ರಾನ್ ನಕ್ಷತ್ರವೋ ಕಪ್ಪುಕುಳಿಯೋ ಉಳಿಯುತ್ತದೆ. ಆ ಅವಶೇಷವು ಜೊತೆಯ ನಕ್ಷತ್ರದಿಂದ ಅನಿಲವನ್ನು ಸೆಳೆದಾಗ, ಸುತ್ತುತ್ತ ಬೀಳುವ ಅನಿಲವು ಲಕ್ಷಾಂತರ ಡಿಗ್ರಿ ಕಾದು ಕ್ಷ-ಕಿರಣ ಸೂಸುತ್ತದೆ. ಅಂಥ ಚುಕ್ಕಿಗಳು ಒತ್ತಾಗಿ ಕಂಡಲ್ಲಿ ಇತ್ತೀಚೆಗೆ ನಕ್ಷತ್ರಗಳು ಹುಟ್ಟಿವೆಯೆಂದು ತಿಳಿಯಬೇಕು. ಬೂದಿಯ ಬಿಸಿಯಿಂದ ಒಲೆ ಹೊತ್ತಿದ್ದನ್ನು ಅರಿತಂತೆ. (ಖಗೋಳಜ್ಞರ “ಇತ್ತೀಚೆಗೆ” ಎಂದರೆ ಕೋಟಿ ವರ್ಷಗಳ ಮಾತು!) ಹಗುರ ನಕ್ಷತ್ರಗಳ ಜೋಡಿಗಳೂ ಈ ಕಿರಣ ಸೂಸುವುದುಂಟು, ಆದರೆ ಅವು ಹಳೆಯ ಸಂತತಿಯ ಲೆಕ್ಕ ಹೇಳುವಂಥವು. ಎರಡನ್ನೂ ಬಿಡಿಸಿ ಎಣಿಸುವುದೇ ಕಷ್ಟದ ಕೆಲಸ. ಎಳೆಯ ನಕ್ಷತ್ರಗಳ ಬೆಳಕನ್ನು ಧೂಳು ನುಂಗುತ್ತದೆ. ಪ್ರಬಲ ಕ್ಷ-ಕಿರಣಗಳು ಅದನ್ನು ತೂರಿ ಬರುತ್ತವೆ.

ಭೂಮಿಯ ವಾಯುಮಂಡಲ ಈ ಕಿರಣಗಳನ್ನು ತಡೆಯುವುದರಿಂದ ದೂರದರ್ಶಕವೇ ಮೇಲೇರಬೇಕು. ನಮ್ಮ ಇಸ್ರೋ 2015ರಲ್ಲಿ ಆಸ್ಟ್ರೋಸ್ಯಾಟನ್ನು ಹಾರಿಸಿತು. ಅದಕ್ಕೂ ಮೊದಲು, 1999ರಲ್ಲಿ, ನಾಸಾ ಹಾರಿಸಿದ ದೂರದರ್ಶಕಕ್ಕೆ ಸುಬ್ರಹ್ಮಣ್ಯನ್ ಚಂದ್ರಶೇಖರರ ಸ್ಮರಣೆಯಲ್ಲಿ ‘ಚಂದ್ರ’ ಎಂದೇ ಹೆಸರು. ಅದು ದಕ್ಷಿಣಾಕಾಶದ ಒಂದು ತುಣುಕನ್ನು ಹಲವು ವರ್ಷಗಳಲ್ಲಿ ಒಟ್ಟು 70 ಲಕ್ಷ ಸೆಕೆಂಡು, ಎಂದರೆ ಸುಮಾರು 81 ದಿನ, ದಿಟ್ಟಿಸಿತು. ಅಷ್ಟಾದರೂ ಅತಿ ದೂರದ ಸಾಮಾನ್ಯ ಗ್ಯಾಲಕ್ಸಿಯೊಂದು ಬಿಡಿಯಾಗಿ ಕಾಣುವುದು ದುರ್ಲಭ; ಆದ್ದರಿಂದ ಒಂದೇ ಕಾಲದ ಅನೇಕ ಗ್ಯಾಲಕ್ಸಿಗಳ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಕೂಡಿಸುತ್ತಾರೆ. ವಿಶ್ವದಲ್ಲಿ ನಕ್ಷತ್ರಗಳ ಜನನವು ಸುಮಾರು 1000 ಕೋಟಿ ವರ್ಷಗಳ ಹಿಂದೆ ಶಿಖರ ಮುಟ್ಟಿ, ಇಂದು ಅದರ ಹತ್ತನೆಯ ಒಂದು ಪಾಲಿನಷ್ಟಕ್ಕೆ ಇಳಿದಿದೆ. ಬೇರೆ ಬೆಳಕುಗಳು ಹೇಳುವ ಈ ಏರಿಳಿತವನ್ನು ಕ್ಷ-ಕಿರಣದ ಲೆಕ್ಕವೂ ಹಿಂಬಾಲಿಸುತ್ತದೆ.

ಮಾತು ಮುಗಿಸಿ ಮಗಳು ಟ್ರಂಕಿನಿಂದ ಆ ಹಾಳೆಯನ್ನು ತೆಗೆದು ದೀಪಕ್ಕೆ ಹಿಡಿದಳು. “ಅಪ್ಪಾಜಿ, ಅಜ್ಜನ ಪಕ್ಕೆಲುಬಿನಲ್ಲಿ ಈ ಗಂಟು ಯಾತರದು?”

ಎತ್ತು ಹಾಯ್ದು ಮುರಿದದ್ದು, ಕೂಡಿಕೊಂಡದ್ದು. ಆಗ ನಾವಿನ್ನೂ ಹುಟ್ಟಿರಲಿಲ್ಲ.

ಮರುವಾರ ಅವಳೊಡನೆ ಹೋಗಿ ಎಂ.ಎಸ್ಸಿ. ಶುಲ್ಕ ತುಂಬಿ ಬಂದೆವು.