ಆಮೆಯ ಲೆಕ್ಕ

ಬೇಗಂಪೇಟೆಯ ಬಾಡಿಗೆ ಮನೆಯಲ್ಲಿ ಈಚೆಗೆ ಆಮೆಗಳ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಲೂಸಿಲ್ ಸ್ಟಿಕಲ್ 1944ರಲ್ಲಿ ಬಾಕ್ಸ್ ಆಮೆಗಳ ಚಿಪ್ಪಿನಂಚಿಗೆ ಗುರುತು ಕೊರೆದು ಆರಂಭಿಸಿದ ಎಣಿಕೆ ದಶಕಕ್ಕೊಮ್ಮೆಯಂತೆ ಐವತ್ತು ವರ್ಷ ನಡೆಯಿತು.

ನನಗೆ ನಮ್ಮ ಜೆ. ವಿಜಯಾ ನೆನಪಾದರು. 1912ರಲ್ಲಿ ದಾಖಲಾದ ಮೇಲೆ ವಿಜ್ಞಾನಿಗಳ ಕಣ್ಣಿಗೇ ಬೀಳದಿದ್ದ ಕೇನ್ ಟರ್ಟಲ್ ಎಂಬ ಪುಟ್ಟ ಕಾಡಾಮೆಯನ್ನು 1982ರಲ್ಲಿ ಕೇರಳದ ಚಾಲಕುಡಿಯ ಕಾಡಿನಲ್ಲಿ ಮತ್ತೆ ಪತ್ತೆಹಚ್ಚಿದವರು ಅವರು. 1987ರಲ್ಲಿ ತೀರಿಕೊಂಡಾಗ ಇನ್ನೂ ಮೂವತ್ತು ತುಂಬಿರಲಿಲ್ಲ. ನಾನೀಗ ಆ ವಯಸ್ಸು ದಾಟಿದ್ದೇನೆ.

2006ರಲ್ಲಿ ಆ ಆಮೆಯ ಕುಲಕ್ಕೆ ವಿಜಯಚೆಲಿಸ್ ಎಂದು ಹೆಸರಿಟ್ಟರು. ‘ಚೆಲಿಸ್’ ಎಂದರೆ ಗ್ರೀಕಿನಲ್ಲಿ ಆಮೆ. ಹೆಸರೇನೋ ಉಳಿಯಿತು. ಆದರೆ ದಶಕಗಟ್ಟಲೆ ಬಾಳುವ ಆಮೆಗಳು ಕಾಡಿನಲ್ಲಿ ಹೆಚ್ಚುತ್ತಿವೆಯೋ ಕುಗ್ಗುತ್ತಿವೆಯೋ ತಿಳಿಯಲು ಒಬ್ಬರ ಆಯುಷ್ಯ ಸಾಲದು. ನೋಟ್‌ಬುಕ್ಕು ಕೈಯಿಂದ ಕೈಗೆ ದಾಟಬೇಕು.